ಪಿಂಟೊ ಆಂಟಿಯ ಸೀಟು

ಸೆಪ್ಟೆಂಬರ್ 3, ಶುಕ್ರವಾರ

ಪಿಂಟೊ ಆಂಟಿ ಈ ವಾರವೂ ತೂಕದಲ್ಲಿ ಇಳಿದಿದ್ದಾರೆ. ಅಂಕಲ್ ಹಾಗೇ ಇದ್ದಾರೆ.

ಕ್ಯಾಲ್ಕುಲಸ್ ಕ್ಲಾಸ್ ಮುಗಿಸಿ ನೌಕೆ ನಿಲ್ಲಿಸಿರುವ ಹ್ಯಾಂಗರ್‌ಗೆ ಓಡಿಬಂದು ಶುಕ್ರವಾರದ ಕೆಲಸ ಮಾಡಿದೆ. ಇಬ್ಬರ ಬೆಲ್ಟ್ ಬಿಚ್ಚಿ, ಹ್ಯಾಚ್ ಬಾಗಿಲಿಂದ ಹೊರಗೆಳೆದು, ಕೊಕ್ಕೆಗೆ ನೇತುಹಾಕಿ ತೂಕ ನೋಡುವುದು. ಕಡಿಮೆಯಿದ್ದಷ್ಟು ಕಾಳನ್ನು ಕುತ್ತಿಗೆಯಿಂದ ಸುರಿದು ಲಾಡಿ ಕಟ್ಟುವುದು. ವಾಪಸ್ ಕೂರಿಸುವುದು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಟೂರ್ ಕರೆದೊಯ್ಯುವ ಮಹಾಕಾರ್ಯದಲ್ಲಿ ನನ್ನ ಪಾಲು ಇದು — ಕಾಳು ತುಂಬುವುದು. ಖುಷಿಯಾಗಿದೆ. ನಿಜವಾಗಿ ಖುಷಿಯಾಗಿದೆ.

ಗೋಡೆಯ ಮೇಲೆ ಸ್ಪರ್ಧೆಯ ನಿಯಮವನ್ನು ದೊಡ್ಡದಾಗಿ ಅಂಟಿಸಿದ್ದಾರೆ. ದಿನಾ ಓದುತ್ತೇನೆ. ಖಾಸಗಿ ತಂಡ ಕಟ್ಟಿದ ನೌಕೆ. ಒಬ್ಬ ಪೈಲಟ್, ಜೊತೆಗೆ ಇಬ್ಬರು ಪ್ರಯಾಣಿಕರ ತೂಕ. ಬಾಹ್ಯಾಕಾಶದ ಗೆರೆ ದಾಟಿ ಕ್ಷೇಮವಾಗಿ ಇಳಿಯಬೇಕು. ಎರಡು ವಾರದೊಳಗೆ ಅದೇ ನೌಕೆ ಮತ್ತೊಮ್ಮೆ ಹೋಗಿಬರಬೇಕು. ಮೊದಲು ಮಾಡಿದವರಿಗೆ ಬಹುಮಾನ. ತೂಕ ಅಂದಿದ್ದಾರೆಯೇ ಹೊರತು ಪ್ರಯಾಣಿಕರಿಗೆ ಜೀವ ಇರಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ಪಿಂಟೊ ದಂಪತಿ — ಮೈತುಂಬ ಮುಚ್ಚುವ ಉಡುಪಿನ ಎರಡು ಗೊಂಬೆ, ಒಳಗೆ ರಾಜ್ಮಾದಂಥ ಪಿಂಟೊ ಬೀನ್ಸ್ ಕಾಳು. ಆಂಟಿಗೆ ಹೂವಿನ ಅಂಗಿ, ಅಂಕಲ್‌ಗೆ ಹುಲ್ಲಿನ ಟೋಪಿ. ಓಹಾಯೋದಿಂದ ಬಂದ ಟೂರಿಸ್ಟ್‌ಗಳಂತೆ. ಕಾಲು ಚಾಚಲು ಜಾಗ ಸಾಲದು ಅಂತ ದೂರು ಕೊಟ್ಟಿದ್ದಾರಂತೆ.

ಬೇರೆ ತಂಡಗಳು ಮರಳು ಹಾಕುತ್ತವೆ. ನಮ್ಮ ಮುಖ್ಯಸ್ಥೆ ಡೆಲ್ಫಿನಾ ಒಪ್ಪುವುದಿಲ್ಲ. “ಮರಳು ಸೋರಿದ್ರೆ ಗೊತ್ತೇ ಆಗಲ್ಲ ಮಗಳೇ. ಕಾಳು ಕಣ್ಣಿಗೆ ಕಾಣ್ಸುತ್ತೆ. ಮೇಲಿಂದ ಬಂದ್ಮೇಲೆ ಬೇಯಿಸ್ಕೊಂಡು ತಿನ್ನಬಹುದು.”

ಆಂಟಿ ಯಾಕೆ ಇಳಿಯುತ್ತಾರೆ ಅಂತ ಎಮೆಟ್‌ನನ್ನು ಕೇಳಿದೆ. ತೂಕದ ಲೆಕ್ಕವೆಲ್ಲ ಅವನದು, ಪಿಎಚ್‌ಡಿ ಬೇರೆ. ಗ್ರಾಫ್ ತೆಗೆದು ತೋರಿಸಿದ. “ಮರುಭೂಮಿ ಗಾಳಿ. ಕಾಳು ಒಣಗ್ತಿದೆ, ಅಷ್ಟೇ.”

“ಅಂಕಲ್ ಯಾಕೆ ಒಣಗ್ತಿಲ್ಲ?”

“ಆಂಟಿ ಹ್ಯಾಚ್ ಪಕ್ಕ ಕೂತಿದ್ದಾರೆ. ಅಂಟಿನ ವಾಸನೆ ಹೋಗ್ಲಿ ಅಂತ ರಾತ್ರಿ ಹ್ಯಾಚ್ ತೆಗ್ದಿರ್ತೀವಲ್ಲ. ಅವರಿಗೆ ಗಾಳಿ ಜಾಸ್ತಿ.”

ಗ್ರಾಫ್ ಬಹಳ ಚೆನ್ನಾಗಿತ್ತು. ಸಾರಿ ಹೇಳಿ ಬಂದೆ.

ಸೆಪ್ಟೆಂಬರ್ 10, ಶುಕ್ರವಾರ

ಆಂಟಿಯ ತೊಡೆಯ ಮೇಲೆ ಚೋಯಾ ಕಳ್ಳಿಯ ಒಂದು ತುಂಡು. ಕೈಗೆ ಚುಚ್ಚಿತು. ಯಾರು ಇಟ್ಟರೋ.

ಟಫೋಯ ನೋಡಿ ಬಹಳ ಹೊತ್ತು ನಕ್ಕ. ಅವನೇ ನಮ್ಮ ಪೈಲಟ್. ಕಾಡ್ಗಿಚ್ಚಿನ ಮೇಲೆ ನೀರು ಸುರಿಯುವ ವಿಮಾನ ಓಡಿಸುತ್ತಿದ್ದವನು. “ಆಂಟಿಗೆ ಯಾರೋ ಅಭಿಮಾನಿ ಹುಟ್ಕೊಂಡಿದ್ದಾನೆ. ಗುಲಾಬಿ ಸಿಗ್ಲಿಲ್ಲ ಪಾಪ, ಕಳ್ಳಿ ತಂದಿದ್ದಾನೆ.”

“ನೀವೇ ಇಟ್ಟಿರಬೇಕು” ಅಂದ ಎಮೆಟ್.

“ನಾನಾ? ಡಾಕ್ಟ್ರೇ, ನನ್ನ ಹಿಂದೆ ಕೂತ್ಕೊಂಡು ಮೇಲಕ್ಕೆ ಬರೋ ಹೆಂಗಸು ಅವರು. ಮರ್ಯಾದೆ ಕೊಟ್ಟು ಮಾತಾಡ್ಸಿ.”

ಎಲ್ಲರೂ ನಕ್ಕರು. ನಾನೂ. ಕಳ್ಳಿ ಎಸೆದೆ. ಕಾಳು ತುಂಬಿದೆ.

ಇಲ್ಲಿ ನನ್ನ ಹೆಸರು ‘ಇಂಗ್ಲಿಷ್’. ಅಪ್ಪ ಇಲ್ಲಿಯವರೇ ಆದರೂ, ನಮ್ಮ ಮನೆತನದ ಆರ್ಚುಲೆಟಾ ಅನ್ನುವ ಹೆಸರು ಈ ರಾಜ್ಯದಲ್ಲಿ ಬೀದಿಗೊಂದು ಇದ್ದರೂ, ಬಾಯಿ ತೆರೆದರೆ ಅಮ್ಮನ ಡೆವನ್ ಊರಿನ ಇಂಗ್ಲಿಷ್ ಉಚ್ಚಾರ ಬರುತ್ತದೆ. ಅದರ ಮೇಲೆ ಅಲ್ಲಿಯ ಹತ್ತು ವರ್ಷದ ಹಾಸ್ಟೆಲ್. ಟಫೋಯನ ದೂರು — “ಈ ಹುಡುಗಿ ಕುರ್ಚಿಗೆ ಕಾಲು ತಾಗಿದ್ರೂ ಸಾರಿ ಅಂತಾಳೆ. ಕುರ್ಚಿ ಪಾಪ ಏನ್ ಹೇಳ್ಬೇಕು.”

ಸೆಪ್ಟೆಂಬರ್ 19, ಭಾನುವಾರ

ಟೆಕ್ಸಾಸ್‌ನಿಂದ ಒಂದು ದೊಡ್ಡ ಪಾತ್ರೆ ಬಂತು. ಲೋನ್ ಮೇಸಾ ತಂಡದವರು ಕಳಿಸಿದ್ದು. ನಮ್ಮ ದೊಡ್ಡ ಎದುರಾಳಿ ಅವರೇ. ನಮ್ಮದು ರೆಕ್ಕೆಯ ನೌಕೆ — ಹೆಸರು ಪೈಸಾನೊ, ರಸ್ತೆ ಬದಿ ಓಡುವ ಹಕ್ಕಿಯದು. ‘ಅಜ್ಜಿ’ ಅನ್ನುವ ದೊಡ್ಡ ವಿಮಾನದ ಹೊಟ್ಟೆಗೆ ನೇತುಬಿದ್ದು ಮೇಲೇರುತ್ತದೆ, ಅಲ್ಲಿ ಕಳಚಿಕೊಂಡು ರಾಕೆಟ್ ಹಚ್ಚಿಕೊಳ್ಳುತ್ತದೆ. ಅವರದು ನೇರ ನಿಲ್ಲುವ ರಾಕೆಟ್, ತುದಿಯಲ್ಲಿ ಗುಂಡನೆ ಡಬ್ಬಿ, ಪ್ಯಾರಾಶೂಟ್‌ನಲ್ಲಿ ಇಳಿಯುತ್ತದೆ. ಎರಡೂ ಮುಂದಿನ ತಿಂಗಳು ಹಾರಲಿವೆ. ಯಾರು ಮೊದಲು?

ಪಾತ್ರೆಯಲ್ಲಿ ಚಿಲಿ ಅನ್ನುವ ಮಾಂಸದ ಸಾರು. ಮೇಲೆ ಚೀಟಿ: ‘ಇದ್ರಲ್ಲಿ ಬೀನ್ಸ್ ಹಾಕಿಲ್ಲ. ನಿಮ್ಮವೆಲ್ಲ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿವೆ ಅಂತ ಕೇಳಿದ್ವಿ.’

ಡೆಲ್ಫಿನಾ ಓದಿ, ಒಂದು ಚಮಚ ತಿಂದು, “ಸಪ್ಪೆ” ಅಂದಳು. ಪಾತ್ರೆ ತೊಳೆಸಿ, ಅದರ ತುಂಬ ಸುಟ್ಟ ಹಸಿಮೆಣಸಿನಕಾಯಿ ಹಾಕಿ ವಾಪಸ್ ಕಳಿಸಿದಳು. ಜೊತೆಗೊಂದು ಚೀಟಿ: ‘ತಿಂದು ನೋಡಿ. ಆಮೇಲೆ ಕೌಂಟ್‌ಡೌನ್ ಹೇಳೋಕೆ ಬಾಯಿ ಉಳಿದ್ರೆ ಸಂತೋಷ.’

ಇಂಥ ಜನರ ನಡುವೆ ಇದ್ದೇನೆ. ಡಾರ್ಮ್‌ಗೆ ಬಂದು ಒಬ್ಬಳೇ ನಗುತ್ತಿದ್ದೇನೆ.

ಸೆಪ್ಟೆಂಬರ್ 26, ಭಾನುವಾರ

ಹೆಡ್‌ಸೆಟ್ ಕೊಟ್ಟರು. ನನಗೆ!

ಹಾರುವ ದಿನ ಹ್ಯಾಚ್ ಮುಚ್ಚುವ ಮುಂಚೆ ಕೊನೆಯದಾಗಿ ಒಳಗೆ ಹೋಗುವವಳು ನಾನು. ಸೀಟುಗಳ ಹಿಂದೆ ನುಸುಳುವಷ್ಟು ಸಣ್ಣಗಿರುವುದು ನಾನೊಬ್ಬಳೇ. ಬೆಲ್ಟ್ ನೋಡಬೇಕು, ಟಾರ್ಚ್ ಬೆಳಕು ಬಿಟ್ಟು ನೆಲ ನೋಡಬೇಕು, ಹೊರಬಂದು ಟ್ರಕ್‌ನಲ್ಲಿ ಕೂರಬೇಕು. ಎಮೆಟ್ ಒಬ್ಬೊಬ್ಬರನ್ನೇ ‘ಹೋಲ್ಡ್ ಇದೆಯಾ’ ಅಂತ ಕೇಳುತ್ತಾನೆ. ‘ಇಲ್ಲ’ ಅನ್ನಬೇಕು.

“ಇದೆ ಅಂದರೆ?” ಅಂತ ಕೇಳಿದೆ.

ಟಫೋಯ ಬಾಗಿಲ ಪಕ್ಕದ ಬಿಳಿ ಬೋರ್ಡ್ ತೋರಿಸಿದ. “ಅಂದ್ರೆ ಎಲ್ಲಾ ನಿಲ್ಲುತ್ತೆ. ನಿನ್ನ ಹೆಸರು ಅಲ್ಲಿ ಬರೀತಾರೆ. ಯಾರು ಬೇಕಾದ್ರೂ ಹೋಲ್ಡ್ ಹೇಳಬಹುದು ಇಂಗ್ಲಿಷ್, ಕಸ ಗುಡಿಸೋರೂ ಹೇಳಬಹುದು. ಆದ್ರೆ ಹೇಳ್ದೋರೇ ಬಿಡಿಸ್ಬೇಕು. ಡೆಲ್ಫಿನಾಗೂ ಬಿಡಿಸೋ ಹಕ್ಕಿಲ್ಲ.”

“ತಪ್ಪಾಗಿ ಹೇಳಿದರೆ?”

“ತಪ್ಪಾಯ್ತು ಅಂತ ನೀನೇ ಬಿಡಿಸ್ತೀಯ. ಹಿಂದೆ ಒಂದ್ಸಲ ಒಬ್ಬನ್ನ ಎಲ್ಲರೂ ಸೇರಿ ಒಪ್ಪಿಸಿಬಿಟ್ಟಿದ್ವಿ, ಏನಿಲ್ಲ ಬಿಡಯ್ಯ ಅಂತ.” ಎಡಗೈ ಎತ್ತಿ ಎರಡು ಬೆರಳು ಇರಬೇಕಾಗಿದ್ದ ಜಾಗ ತೋರಿಸಿದ. “ಅದಕ್ಕೇ ಈ ನಿಯಮ.”

ಹತ್ತು ವರ್ಷದ ಹಾಸ್ಟೆಲ್‌ನಲ್ಲಿ ನಾನು ಕಲಿತದ್ದು ಒಂದೇ. ಹೇಳಬೇಡ. ಗಂಜಿಯಲ್ಲಿ ಕೂದಲಿದ್ದರೆ ಪಕ್ಕಕ್ಕೆ ಸರಿಸಿ ತಿನ್ನು. ವಾರ್ಡನ್ ಹತ್ತಿರ ಹೋದವಳ ಜೊತೆ ಯಾರೂ ಕೂರುವುದಿಲ್ಲ. ಇಲ್ಲಿ ಹೇಳಲಿಕ್ಕೆ ಅಂತಲೇ ಕಿವಿಗೆ ಯಂತ್ರ ಕಟ್ಟುತ್ತಾರೆ.

ಆಂಟಿಯ ಅಭಿಮಾನಿಯಿಂದ ಇವತ್ತು ಸೋಡಾ ಬಾಟಲಿಯ ಮುಚ್ಚಳ, ಒಂದು ಪುಕ್ಕ. ಎಮೆಟ್‌ನ ಪೆನ್ನಿನ ಕ್ಯಾಪ್ ಕಾಣುತ್ತಿಲ್ಲವಂತೆ. ಟಫೋಯನ ಮೇಲೆ ಗುಮಾನಿ.

ಅಕ್ಟೋಬರ್ 8, ಶುಕ್ರವಾರ

ನಾಳೆ.

ಇಬ್ಬರ ಕುತ್ತಿಗೆಯನ್ನೂ ಮೇಣದ ದಾರದಲ್ಲಿ ಹೊಲಿದೆ. ಆಂಟಿ ಮತ್ತೆ ಇಳಿದಿದ್ದರು, ತುಂಬಿಸಿದ ಮೇಲೆ ತೂಕ ಸರಿಯಾಯಿತು. ಒಳಗೆಲ್ಲ ವ್ಯಾಕ್ಯೂಮ್ ಹಾಕಿದೆ. ಒಂದು ಕೂದಲೂ ಇಲ್ಲ. ಎಮೆಟ್ ಬಂದು ನೋಡಿ, “ಇಲ್ಲಿ ಆಪರೇಷನ್ ಮಾಡಬಹುದು” ಅಂದ. ಅವನಿಂದ ಅದು ದೊಡ್ಡ ಮಾತು. ಹ್ಯಾಚ್ ಮುಚ್ಚಿ ಸೀಲ್ ಅಂಟಿಸಿದೆವು.

ಲೋನ್ ಮೇಸಾದವರು ಸೋಮವಾರ ಹಾರುತ್ತಾರಂತೆ. ನಾವು ಎರಡು ದಿನ ಮುಂದೆ. ಎರಡೇ ದಿನ, ಆದರೂ ಮುಂದೆ.

ನಿದ್ದೆ ಬರುವ ಲಕ್ಷಣವಿಲ್ಲ.

ಅಕ್ಟೋಬರ್ 9, ಶನಿವಾರ, ಬೆಳಿಗ್ಗೆ 5:30

ಕಾರುಗಳ ಸಾಲು ಹೆದ್ದಾರಿಯವರೆಗೂ ಇದೆ. ಕುರ್ಚಿ, ಕಂಬಳಿ, ಬೈನಾಕ್ಯುಲರ್, ಮಕ್ಕಳು. ಬುರಿಟೊ ಅನ್ನುವ ರೊಟ್ಟಿಸುರುಳಿ ಮಾರುವವಳು ನನ್ನ ಬ್ಯಾಡ್ಜ್ ನೋಡಿ ಕಾಸು ತೆಗೆದುಕೊಳ್ಳಲಿಲ್ಲ. “ನಮ್ಮೂರ ನೌಕೆ ಕಣಮ್ಮ. ತಿನ್ನು” ಅಂದಳು. ತಿನ್ನಲಾಗಲಿಲ್ಲ. ಪೈಸಾನೊವನ್ನು ಹೊರಗೆಳೆದು ಅಜ್ಜಿಯ ಹೊಟ್ಟೆಗೆ ಕಟ್ಟುತ್ತಿದ್ದಾರೆ. ರನ್‌ವೇ ಬಿರುಕುಗಳ ಮೇಲೆ ಗಡಗಡ ಅಂತ ಬಂತು. ಎಷ್ಟು ಪುಟ್ಟದು. ಎಷ್ಟು ಚೆಂದ. ಅಯ್ಯೋ ದೇವರೇ, ಕರೆಯುತ್ತಿದ್ದಾರೆ —

ಅದೇ ದಿನ, ಮಧ್ಯಾಹ್ನ

ಬರೆದುಬಿಡುತ್ತೇನೆ. ಬರೆಯದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಟಫೋಯ ಆಗಲೇ ಕೂತಿದ್ದ. ನಾನು ನುಸುಳಿ ಹೋಗಿ ಬೆಲ್ಟ್ ನೋಡಿದೆ. ಸರಿ. ಕುತ್ತಿಗೆಯ ಹೊಲಿಗೆ ನೋಡಿದೆ. ಸರಿ. ನೆಲಕ್ಕೆ ಟಾರ್ಚ್ ಬಿಟ್ಟೆ. ಟಫೋಯನ ಹಿಮ್ಮಡಿಯ ಹತ್ತಿರ ಒಂದು ಕಾಳು.

ಒಂದೇ ಒಂದು. ಎತ್ತಿ ಜೇಬಿಗೆ ಹಾಕಿಕೊಂಡೆ. ಹೊರಬಂದೆ. ಹ್ಯಾಚ್ ಮುಚ್ಚಿತು. ಏನೂ ಹೇಳಲಿಲ್ಲ.

ಟ್ರಕ್‌ನಲ್ಲಿ ಕೂತಾಗ ತಲೆ ಓಡಿತು. ನಿನ್ನೆ ವ್ಯಾಕ್ಯೂಮ್ ಹಾಕಿದ್ದೆ. ಆಮೇಲೆ ಸೀಲ್. ಇಬ್ಬರ ಕುತ್ತಿಗೆಯೂ ಬಿಗಿಯಾಗಿದೆ. ಹಾಗಾದರೆ ಇದು ಬಂದದ್ದು ಎಲ್ಲಿಂದ? ರನ್‌ವೇ ಮೇಲೆ ಎಳೆಯುವಾಗ ಗಡಗಡ ಅಂದಿತಲ್ಲ. ಎಲ್ಲಿಂದಲೋ ಅಲುಗಾಡಿ ಬಂದಿದೆ. ಎಲ್ಲಿಂದಲೋ ಅಂದರೆ ಅಲ್ಲಿ ಇನ್ನೂ ಇರಬಹುದು. ಮೇಲೆ ಹೋದಾಗ ತೂಕವಿರುವುದಿಲ್ಲ, ಎಲ್ಲವೂ ತೇಲುತ್ತದೆ —

ಎಮೆಟ್ ಕೇಳುತ್ತಾ ಬಂದ. ಎಂಜಿನ್? ಇಲ್ಲ. ಹವಾಮಾನ? ಇಲ್ಲ. ರೇಡಿಯೋ? ಇಲ್ಲ. ಕ್ಯಾಬಿನ್?

ಕ್ಯಾಬಿನ್ ಅಂದರೆ ನಾನು.

“ಸಾರಿ” ಅಂದೆ. ಆಮೇಲೆ, “ಹೋಲ್ಡ್.”

ಇಡೀ ಮೈದಾನ ನಿಂತಿತು. ಹ್ಯಾಚ್ ತೆರೆದರು. ಎಮೆಟ್ ತಾನೇ ಒಳಗೆ ತಲೆ ತೂರಿಸಿ ನೋಡಿದ. ಗೊಂಬೆಗಳನ್ನು ಇಳಿಸಿ ತೂಗಿದರು. ಕೂದಲೆಳೆ ವ್ಯತ್ಯಾಸವಿಲ್ಲ. ಹೊಲಿಗೆ ಹೊಲಿದಂತೆಯೇ ಇದೆ. ನೌಕೆ ತಿರುಗಿಸುವ ಪೆಡಲ್‌ಗಳನ್ನು ಒತ್ತಿ ನೋಡಿದ, ಬೆಣ್ಣೆಯಂತೆ ಓಡಾಡಿದವು.

“ನಿನ್ನ ಬಟ್ಟೆಗೇ ಅಂಟ್ಕೊಂಡು ಬಂದಿರುತ್ತೆ” ಅಂದ ಎಮೆಟ್. “ತಿಂಗಳುಗಟ್ಲೆ ಕಾಳು ತುಂಬಿದೀಯ. ನಿನ್ನ ಜೇಬಲ್ಲಿ, ಶೂನಲ್ಲಿ ಎಲ್ಲಾ ಕಡೆ ಕಾಳಿರುತ್ತೆ. ಬಿಡಿಸು.”

ಇರಬಹುದು. ಅದೇ ಇರಬಹುದು. ನಿನ್ನೆ ಕಾಳು ತುಂಬುವಾಗ ಹಾಕಿದ್ದು ಬೇರೆ ಪ್ಯಾಂಟ್ ಅಂತ ಹೇಳಲು ಹೋದೆ, ಅಷ್ಟರಲ್ಲಿ —

“ಗಾಳಿ ಏಳ್ತಿದೆ” ಅಂತ ಯಾರೋ ಅಂದರು. “ಅಲ್ಲಿ ಸಾವಿರಾರು ಜನ ಕಾಯ್ತಿದ್ದಾರೆ ಪುಟ್ಟಾ.” “ಒಂದು ಕಾಳಮ್ಮ. ಒಂದು.”

ಡೆಲ್ಫಿನಾ ನನ್ನನ್ನೇ ನೋಡುತ್ತಾ ಕೈಕಟ್ಟಿ ನಿಂತಿದ್ದಳು. ಅದು ಎಲ್ಲಕ್ಕಿಂತ ಕಷ್ಟ.

ಹೆಡ್‌ಸೆಟ್‌ನಲ್ಲಿ ಟಫೋಯ. “ಇಂಗ್ಲಿಷ್, ನಾನಿಲ್ಲಿ ಆರಾಮಾಗಿದ್ದೀನಿ. ನಿಂಗೆ ಸಮಾಧಾನ ಆದ್ರೆ ಬಿಡಿಸು. ಆಗ್ಲಿಲ್ಲ ಅಂದ್ರೆ ನಂಗೊಂದು ಬುರಿಟೊ ಕಳ್ಸು.”

ಸಮಾಧಾನ ಆಗಲಿಲ್ಲ. ಬುರಿಟೊ ಕಳಿಸಿದೆ.

ಗಾಳಿ ಎದ್ದಿತು. ಇವತ್ತಿನದು ರದ್ದು ಅಂತ ಮೈಕ್‌ನಲ್ಲಿ ಹೇಳಿದರು. ಕಾರುಗಳು ಹೋದವು. ಒಂದು ಮಗು ಅಳುತ್ತಿತ್ತು. ಬೋರ್ಡ್ ಮೇಲೆ ಎಮೆಟ್ ನನ್ನ ಹೆಸರು ಬರೆದ — ಟ್ಯಾಮ್ಸಿನ್ ಆರ್ಚುಲೆಟಾ. ಪೂರ್ತಿ ಹೆಸರು. ಕೊನೆಯ ಅಕ್ಷರಕ್ಕೆ ಮಾರ್ಕರ್ ಕಿರ್ರ್ ಅಂತು.

ಕಾಳು ಇನ್ನೂ ಜೇಬಿನಲ್ಲಿದೆ.

ಅಕ್ಟೋಬರ್ 11, ಸೋಮವಾರ

ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆ. ಲೋನ್ ಮೇಸಾದವರು ಹೋಗಿ ಬಂದರು. ಗೆರೆ ದಾಟಿದರು. ಡಬ್ಬಿ ಕಿತ್ತಳೆ ಪ್ಯಾರಾಶೂಟ್‌ನಲ್ಲಿ ಇಳಿಯಿತು. ಪೈಲಟ್ ಹೊರಬಂದು ಟೋಪಿ ಎಸೆದ. ಕ್ಯಾಂಟೀನಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದೆ ಇರಲಾಗಲಿಲ್ಲ. ಅಷ್ಟು ಚೆನ್ನಾಗಿತ್ತು. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಎರಡು ವಾರದೊಳಗೆ ಇನ್ನೊಮ್ಮೆ ಹೋದರೆ ಅವರದೇ. ನಾವು ಮುಂದಿದ್ದೆವು. ನಾನು ನಿಲ್ಲಿಸಿದೆ.

ಹ್ಯಾಂಗರ್‌ಗೆ ಹೋಗಲಿಲ್ಲ.

ಅಕ್ಟೋಬರ್ 14, ಗುರುವಾರ

ಡಾರ್ಮ್‌ನ ಮೆಟ್ಟಿಲ ಮೇಲೆ ಡೆಲ್ಫಿನಾ ಕೂತಿದ್ದಳು. ಕೈಯಲ್ಲಿ ಕಾಫಿ. ನನಗೂ ಒಂದು.

ಕೆಲಸ ಬಿಟ್ಟುಬಿಡು ಅನ್ನಲು ಬಂದಿದ್ದಾಳೆ ಅಂದುಕೊಂಡೆ. ಕ್ಷಮಿಸಿ ಅಂತ ಶುರುಮಾಡಿದೆ.

“ಅದೆಲ್ಲ ಆಮೇಲೆ” ಅಂದಳು. “ಬೋರ್ಡ್ ಮೇಲೆ ನಿನ್ನ ಹೆಸರಿದೆ. ನೀನು ಬಂದು ಬಿಡಿಸೋ ತನಕ ನಾನು ನೌಕೇನ ಒಂದಡಿ ಎಳೆಯೋ ಹಾಗಿಲ್ಲ. ಐದು ದಿನದಿಂದ ಹಾಗೇ ನಿಂತಿದೆ. ಎಮೆಟ್ ಉಗುರು ಕಚ್ಚಿ ಕಚ್ಚಿ ಬೆರಳಿಗೆ ಬಂದಿದ್ದಾನೆ.”

“ನೀವೇ ಅಳಿಸಬಹುದಿತ್ತಲ್ಲ?”

ನಾನು ಏನೋ ಅಸಭ್ಯ ಮಾತಾಡಿದಂತೆ ನೋಡಿದಳು. “ನಿನ್ನ ಹೆಸರು ಮಗಳೇ. ನಾನು ಹೇಗೆ ಅಳಿಸ್ಲಿ?”

ಬಿಡಿಸಿಬಿಡುತ್ತೇನೆ ಅಂದೆ. ನನ್ನ ತಪ್ಪು ಅಂದೆ.

“ಹೌದಾ? ಆ ಕಾಳು ಎಲ್ಲಿಂದ ಬಂತು ಅಂತ ಗೊತ್ತಾಯ್ತಾ?”

“ಇಲ್ಲ.”

“ಮತ್ತೆ ಏನು ಬಿಡಿಸ್ತೀಯ? ನಾಳೆ ಬಾ. ನೀನು ಎಲ್ಲಿ ತೆಗಿ ಅಂತೀಯೋ ಅಲ್ಲಿ ತೆಗಿತೀವಿ.”

ಅಕ್ಟೋಬರ್ 15, ಶುಕ್ರವಾರ

ಕಾಳು ಸಿಕ್ಕ ಕಡೆ, ಪೆಡಲ್ ಕೆಳಗಿನ ನೆಲ ತೆಗೆಯಿರಿ ಅಂದೆ. ದನಿ ಇಲಿಯಂತೆ ಬಂತು.

ಎಮೆಟ್ ಮುಖ ಕೆಂಪಗಾಯಿತು. ಅದು ಅಂಟು ಹಾಕಿ ಕೂರಿಸಿದ ಹಲಗೆ. ಒಮ್ಮೆ ಕಿತ್ತರೆ ಮತ್ತೆ ಕೂರಿಸಿ, ಒಣಗಿಸಿ, ಪರೀಕ್ಷೆ ಮಾಡಲು ವಾರಗಳು ಬೇಕು. ಅಂದರೆ ಲೋನ್ ಮೇಸಾಕ್ಕೆ ಬಹುಮಾನ ಬಿಟ್ಟುಕೊಟ್ಟಂತೆ. “ಒಂದು ಕಾಳಿಗೆ” ಅಂದ. “ಡೆಲ್ಫಿನಾ, ಒಂದು ಕಾಳಿಗೆ. ಮೂರು ವರ್ಷದ ಕೆಲಸ.”

“ಕ್ಯಾಬಿನ್ ಹೇಳಿದೆ” ಅಂದಳು ಡೆಲ್ಫಿನಾ. “ಕೀಳು.”

ಕಿತ್ತರು. ಹಲಗೆಯ ಒಂದು ಮೂಲೆ ಮೇಲೆದ್ದಾಗ ಕಾಳು ಸುರಿಯತೊಡಗಿತು. ಸುರಿಯುತ್ತಲೇ ಇತ್ತು. ಎಮೆಟ್‌ನ ಶೂ ಮೇಲೆ, ಟಫೋಯನ ಕಾಲ ಮೇಲೆ. ಒಳಗೆ ಅಚ್ಚುಕಟ್ಟಾದ ಗೂಡು — ಕಳ್ಳಿ ಮುಳ್ಳು, ಜೂನಿಪರ್ ಕಡ್ಡಿ, ಹತ್ತಿ, ಫಳಫಳ ಹೊಳೆಯುವ ತಿರುಪು, ಎಮೆಟ್‌ನ ಪೆನ್ನಿನ ಕ್ಯಾಪ್. ಎಲ್ಲದರ ನಡುವೆ ಪೆಡಲಿನ ಸರಳು ಹಾದುಹೋಗಿತ್ತು.

ಪ್ಯಾಕ್‌ರಾಟ್. ಇಲ್ಲಿಯ ಪ್ರತಿ ಕೊಟ್ಟಿಗೆಯಲ್ಲೂ ಇರುವ ಇಲಿ. ಎಲ್ಲರಿಗೂ ಗೊತ್ತು ಅದರ ಬುದ್ಧಿ — ಬಾಯಲ್ಲಿ ಏನೋ ಕಚ್ಚಿಕೊಂಡು ಹೋಗುತ್ತಿರುತ್ತದೆ, ಅದಕ್ಕಿಂತ ಒಳ್ಳೆಯದು ಕಂಡರೆ ಇದನ್ನು ಅಲ್ಲೇ ಬಿಟ್ಟು ಅದನ್ನು ಎತ್ತಿಕೊಳ್ಳುತ್ತದೆ. ತೆರೆದ ಹ್ಯಾಚ್‌ನಿಂದ ಬಂದಿದೆ. ಆಂಟಿಯ ಕುತ್ತಿಗೆಯ ಲಾಡಿ ಸಡಿಲಿಸಿದೆ. ಪೈಪುಗಳ ಸಂದಿಯಿಂದ ಕಾಳು ಕೆಳಗಿಳಿಸಿದೆ. ಕಾಳಿಗೆ ಬದಲು ತೊಡೆಯ ಮೇಲೆ ಕಳ್ಳಿ ಬಿಟ್ಟಿದೆ. ಪುಕ್ಕ ಬಿಟ್ಟಿದೆ. ನಾವು ಅಭಿಮಾನಿ ಅಂತ ನಕ್ಕೆವು. ಕಾಳು ಒಣಗುತ್ತಿದೆ ಅಂತ ಗ್ರಾಫ್ ಬರೆದೆವು. ವಾರವಾರವೂ ನಾನೇ ತುಂಬಿಸಿಕೊಟ್ಟೆ. ಇಲಿಗೆ ರೇಷನ್.

ತೂಕವಿಲ್ಲದ ಕಡೆ ಇದೆಲ್ಲ ಮೇಲೆದ್ದು ತೇಲಿದ್ದರೆ. ಇಳಿಯುವಾಗ ಪೆಡಲ್ ಸಿಕ್ಕಿಕೊಂಡಿದ್ದರೆ.

ಟಫೋಯ ಕೂತು ಒಂದು ಹಿಡಿ ಕಾಳು ಎತ್ತಿಕೊಂಡ. ಬಹಳ ಹೊತ್ತು ನೋಡಿದ. ಯಾವಾಗಲೂ ಏನಾದರೂ ತಮಾಷೆ ಮಾಡುತ್ತಾನೆ. ಮಾಡಲಿಲ್ಲ.

ಎಮೆಟ್ ಗ್ರಾಫನ್ನು ಗೋಡೆಯಿಂದ ತೆಗೆದು ಮಡಚಿದ. ಮಾರ್ಕರ್ ಒರೆಸುವ ಬಟ್ಟೆ ನನ್ನ ಕೈಗೆ ಕೊಟ್ಟ. “ನೀನೇ ಅಳಿಸ್ಬೇಕು” ಅಂದ. “ಆತುರ ಇಲ್ಲ. ಪೂರ್ತಿ ಕ್ಲೀನ್ ಆದ್ಮೇಲೆ.”

ಅಕ್ಟೋಬರ್ 22, ಶುಕ್ರವಾರ

ಲೋನ್ ಮೇಸಾ ಎರಡನೇ ಸಲವೂ ಹೋಗಿ ಬಂದರು. ಬಹುಮಾನ ಅವರದು.

ನಮ್ಮ ನೆಲದ ಹಲಗೆ ಇನ್ನೂ ಒಣಗುತ್ತಿದೆ. ಎಲ್ಲರೂ ರೇಡಿಯೋ ಸುತ್ತ ನಿಂತಿದ್ದೆವು. ಮುಗಿದ ಮೇಲೆ ಯಾರೋ ಹಲಗೆಗಿಟ್ಟಿದ್ದ ಫ್ಯಾನ್ ಆಫ್ ಮಾಡಿದರು.

ಆಮೇಲೆ ಡೆಲ್ಫಿನಾ — “ಒಂದು ಮೂಟೆ ಕಾಳು ಕಳ್ಸಿ ಅವರಿಗೆ. ಅಭಿನಂದನೆ ಅಂತ ಬರೀರಿ.”

“ಇಲಿ ಮುಟ್ಟದೇ ಇರೋದಾ?” ಟಫೋಯ ಕೇಳಿದ.

“ಅದನ್ನ ಬರೀಬೇಡಿ.”

ನಗು ಶುರುವಾಯಿತು, ನಿಲ್ಲಲೇ ಇಲ್ಲ. ಎಮೆಟ್ ಕೂಡ. ಕಣ್ಣೊರೆಸಿಕೊಳ್ಳುತ್ತಿದ್ದ. ನಗುವಿನಿಂದಲೋ ಏನೋ. ನನ್ನನ್ನು ಯಾರೂ ದೂರಲಿಲ್ಲ. ಊಟಕ್ಕೆ ಕೂತಾಗ ಎರಡೂ ಪಕ್ಕ ಜನ ಕೂತರು.

ನವೆಂಬರ್ 6, ಶನಿವಾರ

ಹಾರಿತು ಹಾರಿತು ಹಾರಿತು.

ಅಜ್ಜಿ ಎತ್ತಿಕೊಂಡು ಹೋದಳು, ಬಿಟ್ಟಳು, ಒಂದು ಕ್ಷಣ ಬಿದ್ದಂತೆ ಕಂಡಿತು — ಆಮೇಲೆ ನೀಲಿಯ ಮೇಲೆ ಬಿಳಿ ಗೆರೆ, ನೇರ ಮೇಲಕ್ಕೆ, ಯಾರೋ ಸ್ಕೇಲ್ ಇಟ್ಟು ಎಳೆದಂತೆ. ಡೆಲ್ಫಿನಾ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಗುರುತು ಇನ್ನೂ ಇದೆ. ಗೆರೆ ದಾಟಿತು. ಇಳಿಯಿತು. ಟಫೋಯ ಹೊರಬಂದು ಮೊದಲು ಹೇಳಿದ ಮಾತು — “ಪಿಂಟೊ ಆಂಟಿಗೆ ಕಿಟಕಿ ಸಾಲ್ದಂತೆ.”

ಸಂಜೆ ಆಂಟಿಯನ್ನು ಬೇಯಿಸಿ ತಿಂದೆವು. ಕೆಂಪು ಮೆಣಸಿನ ಸಾರಿನ ಜೊತೆ. ಇಷ್ಟು ರುಚಿಯ ಕಾಳು ಜನ್ಮದಲ್ಲಿ ತಿಂದಿಲ್ಲ. ಇಲಿ ಕೂಡ ದಡ್ಡನಲ್ಲ. ಅದನ್ನು ಬೋನಿನಲ್ಲಿ ಹಿಡಿದು ದೂರದ ಗುಡ್ಡದಲ್ಲಿ ಬಿಟ್ಟು ಬಂದದ್ದು ಎಮೆಟ್. ಪೆನ್ನಿನ ಕ್ಯಾಪನ್ನೂ ಅದಕ್ಕೇ ಕೊಟ್ಟುಬಂದನಂತೆ.

ಜನವರಿ 21, ಶುಕ್ರವಾರ

ಇವತ್ತಿನದು ಬರೆಯಲೇಬೇಕು.

ಡೆಲ್ಫಿನಾ ಎಲ್ಲರನ್ನೂ ಕರೆದು ಕೂರಿಸಿದಳು. “ಬಹುಮಾನ ಹೋಯ್ತು. ಸರಿ. ಆದ್ರೆ ಲೋನ್ ಮೇಸಾದವ್ರು ಹೊತ್ಕೊಂಡು ಹೋಗಿದ್ದು ಮರಳು. ನಾವು ಕಾಳು. ಪ್ರಯಾಣಿಕರ ಸೀಟಲ್ಲಿ ಮನುಷ್ಯರನ್ನ ಅವ್ರೂ ಕೂರಿಸಿಲ್ಲ, ನಾವೂ ಕೂರಿಸಿಲ್ಲ. ಅವರು ಏಪ್ರಿಲ್ ಅಂತಿದ್ದಾರೆ. ನಾವು ಮಾರ್ಚ್.”

ಹೊಸ ಓಟ. ಎಲ್ಲರ ಕೈ ಮೇಲಕ್ಕೆ. ನನ್ನದು ಬಿಟ್ಟು.

“ಕೈ ಇಳಿಸಿ. ನಿಮಗ್ಯಾರಿಗೂ ಹೆದರಿಕೆ ಇಲ್ಲ. ನಾಳೆ ಕಾಸು ಕೊಟ್ಟು ಬರೋ ಟೂರಿಸ್ಟ್‌ಗಳು ಹೆದರಿರ್ತಾರೆ. ಬೆಲ್ಟ್ ಎಲ್ಲಿ ಒತ್ತುತ್ತೆ, ಯಾವ ಸದ್ದಿಗೆ ಎದೆ ಝಲ್ ಅನ್ನುತ್ತೆ, ಯಾವಾಗ ಕೂಗ್ಬೇಕು ಅನ್ಸುತ್ತೆ — ಅದನ್ನ ಹೆದರೋರೇ ಹೇಳ್ಬೇಕು. ಹೆದರಬೇಕು, ಆದ್ರೂ ಬಾಯ್ಬಿಟ್ಟು ಹೇಳ್ಬೇಕು.” ನನ್ನ ಕಡೆ ತಿರುಗಿದಳು.

ಎಲ್ಲರೂ ತಿರುಗಿದರು.

“ನನ್ನ ಹಿಂದೆ ಇವಳು ಕೂತ್ರೆ ನಂಗೂ ನಿದ್ದೆ ಬರುತ್ತೆ” ಅಂದ ಟಫೋಯ. “ಅಂದ್ರೆ, ಹಾರೋ ಹಿಂದಿನ ರಾತ್ರಿ.”

ಯೋಚಿಸಿ ಹೇಳು ಅಂದರು. ಅಮ್ಮನಿಗೆ ಫೋನ್ ಮಾಡಿದೆ. “ಜಾತ್ರೇಲಿ ಮರದ ಕುದುರೆ ಮೇಲಿಂದ ಇಳಿಸಿ ಅಂತ ಅತ್ತಿದ್ದವಳು ನೀನು” ಅಂದಳು.

“ಗೊತ್ತಮ್ಮ. ಆದರೆ ಆಗಲೂ ಹೇಳಿದ್ದೆನಲ್ಲ.”

“ಹೇಳಿದ್ದಾ? ಊರಿಗೇ ಕೇಳ್ಸಿತ್ತು.” ಆಮೇಲೆ ಮೂಗು ಸೊರ್ ಅನ್ನಿಸಿದಳು. “ದಪ್ಪ ಸ್ವೆಟರ್ ಹಾಕ್ಕೋ.”

ಮಾರ್ಚ್ 18, ಶುಕ್ರವಾರ

ಕೊನೆಯ ತೂಕ. ಈ ಸಲ ಕೊಕ್ಕೆಗೆ ನೇತುಬಿದ್ದವಳು ನಾನು. ಕಡಿಮೆ ಬಿದ್ದದ್ದಕ್ಕೆ ಬೆಲ್ಟ್‌ಗೆ ಕಾಳಿನ ಚೀಲ ಕಟ್ಟಿದರು. “ಒಣಗ್ತಿದ್ದಾಳೆ” ಅಂದ ಎಮೆಟ್, ಮುಖ ಗಂಭೀರವಾಗಿಟ್ಟುಕೊಂಡು. ಗ್ರಾಫ್ ಬಗ್ಗೆ ಅವನು ಮಾಡಿದ ಮೊದಲ ತಮಾಷೆ.

ಅಂಕಲ್ ನನ್ನ ಪಕ್ಕ ಕೂರುತ್ತಾರೆ. ಕುತ್ತಿಗೆಗೆ ಜೋಡಿ ಹೊಲಿಗೆ. ಆಂಟಿಯ ಹೂವಿನ ಅಂಗಿ ನನಗೆ ಕೊಟ್ಟರು, ಸೂಟ್ ಒಳಗೆ ಹಾಕಿಕೊಳ್ಳಲು.

ಹೆದರಿಕೆ ಇದೆ. ತುಂಬ ಇದೆ. ಎಲ್ಲವನ್ನೂ ಡೆಲ್ಫಿನಾಗೆ ಹೇಳಿದೆ, ಒಂದೊಂದಾಗಿ. ಕೂತು ಪೂರ್ತಿ ಕೇಳಿದಳು. ಎರಡು ಕಡೆ ಪಟ್ಟಿ ಬದಲಾಯಿಸಿದರು, ಒಂದು ಹಿಡಿಕೆ ಹೊಸದಾಗಿ ಹಾಕಿದರು.

ಮಾರ್ಚ್ 19, ಶನಿವಾರ, ಬೆಳಿಗ್ಗೆ

ಆಂಟಿಯ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿಜಕ್ಕೂ ಕಾಲು ಚಾಚಲು ಜಾಗ ಸಾಲದು. ಕಿಟಕಿಯಲ್ಲಿ ಕಾರುಗಳ ಸಾಲು, ಅಕ್ಟೋಬರ್‌ಗಿಂತ ಉದ್ದ. ಬುರಿಟೊದವಳು ಕೈ ಬೀಸಿದಳು. ಇವತ್ತು ಪೂರ್ತಿ ತಿಂದೆ. ಆಮೇಲೆ ಪಶ್ಚಾತ್ತಾಪವಾಗಬಹುದು. ಟಫೋಯ ಮುಂದೆ ಶಿಳ್ಳೆ ಹಾಕುತ್ತಿದ್ದಾನೆ. ಎದೆ ಹೊಡೆದುಕೊಳ್ಳುವುದು ಅಂಕಲ್‌ಗೂ ಕೇಳುತ್ತಿರಬೇಕು.

ನಾನು ಇಲ್ಲಿದ್ದೇನೆ. ನಾನು. ಇಲ್ಲಿ.

ಹ್ಯಾಚ್‌ನಲ್ಲಿ ಎಮೆಟ್‌ನ ಮುಖ. “ಪೆನ್ನು ಕೊಡು ಇಂಗ್ಲಿಷ್. ಪುಸ್ತಕಾನೂ. ಬಿಡಿ ಸಾಮಾನು ಒಳಗಿರೋ ಹಾಗಿಲ್ಲ.”

ಒಂದು ನಿಮಿಷ ಅಂದೆ.

“ಒಂದು ಸಾಲು. ಅಷ್ಟೇ” ಅಂದ. ಕೈ ಚಾಚಿಕೊಂಡೇ ಇದ್ದಾನೆ.

ಹಾಗೇ ನಿಂತು ಹೆಡ್‌ಸೆಟ್‌ನಲ್ಲಿ ಒಬ್ಬೊಬ್ಬರನ್ನೇ ಕೇಳತೊಡಗಿದ, ಹೋಲ್ಡ್ ಇದೆಯಾ ಅಂತ. ಎಂಜಿನ್? ಇಲ್ಲ. ಹವಾಮಾನ? ಇಲ್ಲ. ರೇಡಿಯೋ? ಇಲ್ಲ. ಪೈಲಟ್? ಇಲ್ಲ ಕಣಯ್ಯ, ನಡಿ. ಈಗ ಕ್ಯಾಬಿನ್ ಅನ್ನುತ್ತಿದ್ದಾನೆ. ಬಾಗಿ ನೆಲ ನೋಡಿದೆ. ಟಫೋಯನ ಹಿಮ್ಮಡಿಯ ಹತ್ತಿರ, ಪೆಡಲ್ ಕೆಳಗೆ, ನನ್ನ ಕಾಲ ಬುಡದಲ್ಲಿ, ಎಲ್ಲ ಕಡೆ. ಏನೂ —